2147483647: ಪದೇ ಪದೇ ಕೇಳುವ ಪ್ರಶ್ನೆಗಳು

2147483647 ಎಂಬ ಹತ್ತಂಕಿಯ ಸಂಖ್ಯೆಯ ಬಗ್ಗೆ ಗಣಿತದ ವಿದ್ಯಾರ್ಥಿಗಳೂ ಸಾಫ್ಟ್‌ವೇರ್ ಕೆಲಸದವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಮೊದಲು ಗಣಿತ, ಆಮೇಲೆ ಕಂಪ್ಯೂಟರ್. ಡೇಟಾಬೇಸ್‌ನಲ್ಲಿ ಎಲ್ಲ ಗ್ರಾಹಕರ ಮೊಬೈಲ್ ನಂಬರೂ ಇದೇ ಆಗಿಬಿಟ್ಟಿದೆ ಎಂದು ಗಾಬರಿಯಾಗಿ ಬಂದವರು ನೇರವಾಗಿ ಆ ಪ್ರಶ್ನೆಗೇ ಹೋಗಿ.

ಈ ಸಂಖ್ಯೆಯನ್ನು ಓದುವುದು ಹೇಗೆ? ನೆನಪಿಟ್ಟುಕೊಳ್ಳುವುದು ಹೇಗೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 2,14,74,83,647.

ಬಾಯಿಪಾಠ ಮಾಡಬೇಕಾಗಿಲ್ಲ. 2¹⁰ ಅಂದರೆ 1024. ಮೂರು 1024ಗಳನ್ನು ಒಂದಕ್ಕೊಂದು ಗುಣಿಸಿದರೆ 1073741824, ಅದರ ಎರಡರಷ್ಟು 2147483648, ಅದರಿಂದ ಒಂದು ಕಳೆದರೆ ನಮ್ಮ ಸಂಖ್ಯೆ. ಅಂದರೆ ಇದು 2³¹ − 1. ಬೈನರಿಯಲ್ಲಿ ಸಾಲಾಗಿ 31 ಒಂದುಗಳು, ನಡುವೆ ಒಂದೂ ಸೊನ್ನೆ ಇಲ್ಲ. ಹದಿನಾರರ ಪದ್ಧತಿಯಲ್ಲಿ 7 ಬರೆದು ಮುಂದೆ ಏಳು ಎಫ್‌ಗಳು. ಕೆಳಗೆ ಬರುವ ಗುಣಗಳಲ್ಲಿ ಬಹುಪಾಲು ಈ 31 ಒಂದುಗಳಿಂದಲೇ ಹುಟ್ಟಿದವು.

ಇದು ಅವಿಭಾಜ್ಯವೇ?

ಹೌದು. 2ರಿಂದ ಎಣಿಸುತ್ತ ಬಂದರೆ ಇದು 10,50,97,565ನೆಯ ಅವಿಭಾಜ್ಯ ಸಂಖ್ಯೆ. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659.

ಅವಳಿ ಅವಿಭಾಜ್ಯವೇ, ಅಂದರೆ ಎರಡರ ಅಂತರದಲ್ಲಿ ಇನ್ನೊಂದು ಅವಿಭಾಜ್ಯ ಇದೆಯೇ, ಎಂದೂ ಕೇಳುತ್ತಾರೆ. ಅಲ್ಲ. ಎರಡು ಕಳೆದರೆ ಬರುವ 2147483645 ಐದರಲ್ಲಿ ಮುಗಿಯುತ್ತದೆ. ಎರಡು ಕೂಡಿಸಿದರೆ ಬರುವ 2147483649ರ ಅಂಕಿಗಳ ಮೊತ್ತ 48, ಹಾಗಾಗಿ ಅದು ಮೂರರಿಂದ ಭಾಗವಾಗುತ್ತದೆ: 3 × 715827883. ಈ 715827883 ಮತ್ತೆ ಅವಿಭಾಜ್ಯ.

ಮರ್ಸೆನ್ ಅವಿಭಾಜ್ಯ ಎಂದರೇನು? ಇದು ಎಷ್ಟನೆಯದು?

ಎರಡರ ಘಾತದಿಂದ ಒಂದು ಕಳೆದು ಬರುವ ಅವಿಭಾಜ್ಯಗಳಿಗೆ ಆ ಹೆಸರು. ಘಾತಾಂಕ ಸಂಯುಕ್ತವಾಗಿದ್ದರೆ, ಅಂದರೆ ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವಂತಿದ್ದರೆ, ಸಂಖ್ಯೆಯೂ ಸಂಯುಕ್ತವೇ. 2¹⁵ − 1ನ್ನು 2³ − 1, ಅಂದರೆ 7, ಖಂಡಿತ ಭಾಗಿಸುತ್ತದೆ. ಆದ್ದರಿಂದ ಘಾತಾಂಕ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 2¹¹ − 1 = 2047 = 23 × 89. ನಮ್ಮ ಸಂಖ್ಯೆಯ ಪಕ್ಕದ ಮನೆಯೇ ಆದ 2²⁹ − 1 ಕೂಡ 233 × 1103 × 2089 ಎಂದು ಒಡೆಯುತ್ತದೆ.

ಅವಿಭಾಜ್ಯ ಕೊಡುವ ಮೊದಲ ಎಂಟು ಘಾತಾಂಕಗಳು 2, 3, 5, 7, 13, 17, 19, 31. ಹಾಗಾಗಿ ಇದು ಎಂಟನೆಯದು. ಇನ್ನೊಂದು ವಿಶೇಷವಿದೆ: ಘಾತಾಂಕವಾದ 31 ಕೂಡ 2⁵ − 1, ಅದೂ ಮರ್ಸೆನ್ ಅವಿಭಾಜ್ಯ. ಹೀಗೆ ಎರಡು ಪಟ್ಟು ಮರ್ಸೆನ್ ಆದ ಅವಿಭಾಜ್ಯಗಳು ಇದುವರೆಗೆ ನಾಲ್ಕೇ ಸಿಕ್ಕಿವೆ: 7, 127, 2147483647 ಮತ್ತು 2¹²⁷ − 1.

ಅವಿಭಾಜ್ಯವೆಂದು ಮೊದಲು ಸಾಧಿಸಿದವರು ಯಾರು?

ಲಿಯೊನಾರ್ಡ್ ಆಯ್ಲರ್, 1772ರಲ್ಲಿ, ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ. ಹೇಳಿದವರು ಅದಕ್ಕೂ ಮೊದಲೇ ಇದ್ದರು. ಇಟಲಿಯ ಕ್ಯಾಟಾಲ್ಡಿ 1603ರಲ್ಲಿ 23, 29, 31, 37 ಈ ನಾಲ್ಕು ಘಾತಾಂಕಗಳಿಗೂ ಅವಿಭಾಜ್ಯ ಬರುತ್ತದೆ ಎಂದಿದ್ದ, ಅದರಲ್ಲಿ 31 ಮಾತ್ರ ಸರಿ. ಫ್ರಾನ್ಸ್‌ನ ಮರ್ಸೆನ್ 1644ರ ತನ್ನ ಪಟ್ಟಿಯಲ್ಲಿ 31ನ್ನು ಸೇರಿಸಿದ್ದ, ಆದರೆ ಆ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಊಹೆಗೂ ಸಾಧನೆಗೂ ಇರುವ ಅಂತರ ಇಲ್ಲಿ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಶ್ರೇಯ ಆಯ್ಲರ್‌ಗೇ ಸಲ್ಲಬೇಕು. 19ನೇ ಶತಮಾನದ ಮಧ್ಯದವರೆಗೂ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ಕಂಪ್ಯೂಟರ್ ಇಲ್ಲದೆ ಆಯ್ಲರ್ ಇದನ್ನು ಹೇಗೆ ಪರೀಕ್ಷಿಸಿದ?

ಸಾಮಾನ್ಯ ದಾರಿ ಎಂದರೆ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವುದು. ವರ್ಗಮೂಲ 46340ಕ್ಕಿಂತ ಸ್ವಲ್ಪ ಹೆಚ್ಚು (46340² = 2147395600, 46341² = 2147488281). ಅಲ್ಲಿಯವರೆಗೆ 4792 ಅವಿಭಾಜ್ಯಗಳಿವೆ. ಅಷ್ಟು ಭಾಗಾಕಾರ ಕೈಯಲ್ಲಿ ಮಾಡುವುದು ಯಾರಿಗೂ ಬೇಡ.

ಆಯ್ಲರ್ ಎರಡು ಜರಡಿ ಹಿಡಿದ. ಒಂದು: ಈ ಸಂಖ್ಯೆಗೆ ಅವಿಭಾಜ್ಯ ಭಾಜಕ ಇದ್ದರೆ, ಅದರಿಂದ ಒಂದು ಕಳೆದಾಗ ಬರುವುದು 31ರಿಂದ ಭಾಗವಾಗಲೇಬೇಕು. ಇದು ಫರ್ಮಾನ ಕಿರು ಪ್ರಮೇಯದ ಫಲ, 31 ಅವಿಭಾಜ್ಯ ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಭಾಜಕ ಬೆಸ ಆದ್ದರಿಂದ ಆ ಸಂಖ್ಯೆ 62ರಿಂದಲೇ ಭಾಗವಾಗಬೇಕು. ಎರಡು: ಆ ಭಾಜಕದಿಂದ ಭಾಗಿಸಿದಾಗ 2³¹ರ ಶೇಷ 1 ಆದರೆ 2³²ರ ಶೇಷ 2. ಅಂದರೆ 65536ರ ವರ್ಗದ ಶೇಷ 2. ಎರಡು ಹೀಗೆ ವರ್ಗಶೇಷವಾಗಬೇಕಾದರೆ ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು.

ಎರಡನ್ನೂ ಸೇರಿಸಿದರೆ, ಭಾಜಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕು. 46340ರೊಳಗೆ ಅಂಥವು 373 ಇವೆ. ಮೊದಲನೆಯದಾದ 63 ಹೇಗೂ ಸಂಯುಕ್ತ, ಉಳಿದದ್ದು 372. ಅವುಗಳಲ್ಲಿಯೂ ಹೆಚ್ಚಿನವು ಸಂಯುಕ್ತವೇ: 249 = 3 × 83, 497 = 7 × 71, 559 = 13 × 43. ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆ 311.

ಅದನ್ನೂ ನೇರವಾಗಿ ಭಾಗಿಸಬೇಕಾಗಿಲ್ಲ, ಶೇಷಗಳನ್ನು ವರ್ಗ ಮಾಡುತ್ತ ಹೋದರಾಯಿತು. 2⁸ = 256, 311ರ ಲೆಕ್ಕದಲ್ಲಿ −55. ಅದರ ವರ್ಗ 3025, ಶೇಷ −85, ಇದು 2¹⁶. ಎರಡನ್ನೂ ಗುಣಿಸಿದರೆ 4675, ಶೇಷ 10, ಇದು 2²⁴. ಇದನ್ನು 2⁷ ಅಂದರೆ 128ರಿಂದ ಗುಣಿಸಿದರೆ 1280, ಶೇಷ 36, ಇದು 2³¹. ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, ಹಾಗಾಗಿ 311 ಭಾಜಕವಲ್ಲ. ಮುಂದಿನದು 1303. ಇದೇ ರೀತಿ 46340ರವರೆಗೆ ಹೋದರೂ ಎಲ್ಲಿಯೂ ಸೊನ್ನೆ ಸಿಗುವುದಿಲ್ಲ.

ನಾವೇ ಮನೆಯಲ್ಲಿ ಸಾಧಿಸಿ ನೋಡಲು ಇನ್ನೂ ಚಿಕ್ಕ ದಾರಿ ಇದೆಯೇ?

ಇದೆ, ಲ್ಯೂಕಾಸ್–ಲೆಮರ್ ಪರೀಕ್ಷೆ. 4ರಿಂದ ಶುರು ಮಾಡಿ. ಪ್ರತಿ ಹೆಜ್ಜೆಯಲ್ಲಿ ವರ್ಗ ಮಾಡಿ, 2 ಕಳೆದು, 2147483647ರಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ 29 ಹೆಜ್ಜೆ ಆದಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ.

ಮೊದಲ ಐದು ಹೆಜ್ಜೆಗಳ ಉತ್ತರ 14, 194, 37634, 1416317954, 669670838. 28ನೆಯ ಹೆಜ್ಜೆಯಲ್ಲಿ 65536 ಬರುತ್ತದೆ. ಅದರ ವರ್ಗ 2³², ಶೇಷ 2, ಎರಡು ಕಳೆದರೆ ಸೊನ್ನೆ. ಆಯ್ಲರ್‌ನ ಜರಡಿಯಲ್ಲಿ ಕಂಡ ಅದೇ 65536 ಇಲ್ಲಿಯೂ ಬಾಗಿಲು ತೆರೆಯುತ್ತದೆ.

ತಪ್ಪುವುದು ಎರಡು ಕಡೆ. ಶುರುವಿನ 4ನ್ನೇ ಒಂದನೆಯ ಹೆಜ್ಜೆ ಎಂದು ಎಣಿಸುವವರು 65536ರಲ್ಲೇ ನಿಂತು "ಸೊನ್ನೆ ಬರಲಿಲ್ಲ" ಎನ್ನುತ್ತಾರೆ. 4 ಸೊನ್ನೆಯನೆಯ ಹೆಜ್ಜೆ. ಇನ್ನೊಂದು, ಎಕ್ಸೆಲ್‌ನಲ್ಲಿ ಮಾಡುವುದು. 1416317954ರ ವರ್ಗಕ್ಕೆ 19 ಅಂಕಿ ಬೇಕು, ಎಕ್ಸೆಲ್ ಹಿಡಿದಿಟ್ಟುಕೊಳ್ಳುವುದು 15 ಅಂಕಿ ಮಾತ್ರ. ಐದನೆಯ ಹೆಜ್ಜೆಯಿಂದಲೇ ಲೆಕ್ಕ ಕೆಡುತ್ತದೆ, ಅದೂ ಸದ್ದಿಲ್ಲದೆ. 669670838 ಬಂದಿದೆಯೇ ಎಂದು ತಾಳೆ ನೋಡಿ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ, ಅಲ್ಲಿ ಮಾಡುವುದೇ ಒಳ್ಳೆಯದು.

ಫರ್ಮಾ ಪರೀಕ್ಷೆಯನ್ನು 2 ಇಟ್ಟು ಮಾಡಿದೆ, ಪಾಸಾಯಿತು. ಸಾಕಲ್ಲವೇ?

ಸಾಲದು. ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು ಈ ಪರೀಕ್ಷೆ. ಅವಿಭಾಜ್ಯ ಘಾತಾಂಕ ಇರುವ ಮರ್ಸೆನ್ ಸಂಖ್ಯೆಗಳೆಲ್ಲ, ಸಂಯುಕ್ತವಾದರೂ, 2ರ ಪರೀಕ್ಷೆಯಲ್ಲಿ ಪಾಸಾಗಿಯೇ ತೀರುತ್ತವೆ. 2047 ಕೂಡ ಪಾಸಾಗುತ್ತದೆ. 3 ಇಟ್ಟು ಮಾಡಿದರೆ ಅದು ಸಿಕ್ಕಿಬೀಳುತ್ತದೆ, ಆದರೂ ಅದು ಸಾಧನೆಯಲ್ಲ. ಸಾಧನೆ ಬೇಕೆಂದರೆ ಲ್ಯೂಕಾಸ್–ಲೆಮರ್ ಮಾಡಿ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾದರೆ ಅದು ಪರಿಪೂರ್ಣ ಸಂಖ್ಯೆ. 6, 28 ಎಲ್ಲರಿಗೂ ಗೊತ್ತು. ಒಂದೊಂದು ಮರ್ಸೆನ್ ಅವಿಭಾಜ್ಯವೂ ಒಂದೊಂದು ಸಮ ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ. ನಮ್ಮದನ್ನು 2³⁰ರಿಂದ ಗುಣಿಸಿದರೆ 2305843008139952128, ಎಂಟನೆಯ ಪರಿಪೂರ್ಣ ಸಂಖ್ಯೆ. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ, ಇವು ಕುತೂಹಲಕ್ಕಷ್ಟೇ ಹೊರತು ಉಪಯೋಗಕ್ಕಲ್ಲ, ಇದಕ್ಕಿಂತ ದೊಡ್ಡದನ್ನು ಹುಡುಕಲು ಯಾರೂ ಹೋಗಲಾರರು ಎಂಬ ಅರ್ಥದಲ್ಲಿ ಬರೆದಿದ್ದ. ಆ ಶತಮಾನ ಮುಗಿಯುವುದರೊಳಗೇ ಇದಕ್ಕಿಂತ ದೊಡ್ಡದು ಸಿಕ್ಕಿತು.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಆಗದು. ನಾಲ್ಕರಿಂದ ಭಾಗಿಸಿದಾಗ ಶೇಷ 3 ಬರುತ್ತದೆ.

ಈ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೆಯುವುದು ಬಹಳ ವೇಗ ಎನ್ನುತ್ತಾರೆ. ಹೇಗೆ?

ಭಾಗಾಕಾರವೇ ಬೇಡ. 2³¹ರ ಶೇಷ 1 ಆದ್ದರಿಂದ, ದೊಡ್ಡ ಸಂಖ್ಯೆಯನ್ನು ಬೈನರಿಯಲ್ಲಿ ಕೆಳಗಿನ 31 ಬಿಟ್ ಮತ್ತು ಮೇಲಿನ ಉಳಿದ ಬಿಟ್ ಎಂದು ಕತ್ತರಿಸಿ ಎರಡನ್ನೂ ಕೂಡಿಸಿದರೆ ಸಾಕು. ಉದಾಹರಣೆಗೆ 4747561509943 ತೆಗೆದುಕೊಳ್ಳಿ. ಮೇಲಿನ ಭಾಗ 2210, ಕೆಳಗಿನ ಭಾಗ 1622647863. ಕೂಡಿಸಿದರೆ 1622650073, ಅದೇ ಶೇಷ. ಮೊತ್ತ 2147483647 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಒಂದು ಸಲ ಕಳೆಯಿರಿ. ಸರಿಯಾಗಿ 2147483647 ಬಂದಾಗ ಅದನ್ನು ಸೊನ್ನೆ ಮಾಡಲು ಮರೆಯುವವರು ಬಹಳ. "ಹೆಚ್ಚು" ಎಂದಷ್ಟೇ ಹೋಲಿಸದೆ "ಸಮ ಅಥವಾ ಹೆಚ್ಚು" ಎಂದು ಹೋಲಿಸಿ.

ರ‍್ಯಾಂಡಮ್ ಸಂಖ್ಯೆ ತಯಾರಿಸಲು ಇದನ್ನು ಬಳಸುವುದೇಕೆ?

ಹಿಂದಿನ ಬೆಲೆಯನ್ನು ಒಂದು ಗುಣಕದಿಂದ ಗುಣಿಸಿ, 2147483647ರಿಂದ ಭಾಗಿಸಿದ ಶೇಷವನ್ನೇ ಮುಂದಿನ ಬೆಲೆಯಾಗಿ ತೆಗೆದುಕೊಳ್ಳುವುದು ವಿಧಾನ. ಇದನ್ನೇ ಆರಿಸಲು ಮೇಲಿನ ವೇಗ ಒಂದು ಕಾರಣ. ಇನ್ನೊಂದು, ಇದರಿಂದ ಒಂದು ಕಳೆದರೆ ಬರುವ 2147483646 ಪೂರ್ತಿ ಒಡೆಯುತ್ತದೆ: 2 × 3² × 7 × 11 × 31 × 151 × 331. ಹಾಗಾಗಿ ಯಾವ ಗುಣಕದಿಂದ ಪೂರ್ಣ ಸುತ್ತು, ಅಂದರೆ 1ರಿಂದ 2147483646ರವರೆಗಿನ ಎಲ್ಲ ಬೆಲೆಗಳೂ, ಸಿಗುತ್ತದೆ ಎಂದು ಖಚಿತವಾಗಿ ಪರೀಕ್ಷಿಸಬಹುದು. 2 ಪ್ರಯೋಜನಕ್ಕಿಲ್ಲ, ಅದರ ಘಾತಗಳು 31 ಹೆಜ್ಜೆಗೇ 1ಕ್ಕೆ ಮರಳುತ್ತವೆ. ಪೂರ್ಣ ಸುತ್ತು ಕೊಡುವ ಅತಿ ಚಿಕ್ಕ ಸಂಖ್ಯೆ 7. ಅದರ ಐದನೆಯ ಘಾತ 16807ಕ್ಕೂ ಆ ಗುಣವಿದೆ, ಏಕೆಂದರೆ 5 ಮೇಲಿನ ಅಪವರ್ತನಗಳಲ್ಲಿ ಇಲ್ಲ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಾನದಂಡ ಎಂದು ಶಿಫಾರಸು ಮಾಡಿದ್ದು ಈ ಗುಣಕವನ್ನೇ.

1ರಿಂದ ಶುರು ಮಾಡಿದರೆ 16807, 282475249, 1622650073 ಎಂದು ಸಾಗುತ್ತದೆ. ನೀವೇ ಬರೆದ ಕೋಡ್ ಸರಿಯಿದ್ದರೆ 10000ನೆಯ ಬೆಲೆ 1043618065 ಬರಬೇಕು. ಬರದಿದ್ದರೆ ಗುಣಾಕಾರ 32 ಬಿಟ್ ಮೀರಿ ಹರಿದಿರಬಹುದು. 64 ಬಿಟ್‌ನಲ್ಲಿ ಗುಣಿಸಿ. ಬೀಜವಾಗಿ, ಅಂದರೆ ಶುರುವಿನ ಬೆಲೆಯಾಗಿ, ಸೊನ್ನೆ ಕೊಡಬೇಡಿ, ಕೊನೆಯವರೆಗೂ ಸೊನ್ನೆಯೇ ಬರುತ್ತದೆ. ಓಟಿಪಿಗೋ ಪಾಸ್‌ವರ್ಡಿಗೋ ಇದನ್ನು ಎಂದಿಗೂ ಬಳಸಬೇಡಿ: ಒಂದು ಬೆಲೆ ಗೊತ್ತಾದವರಿಗೆ ಮುಂದಿನವೆಲ್ಲ ಗೊತ್ತಾಗುತ್ತವೆ.

ಕಂಪ್ಯೂಟರ್‌ನಲ್ಲಿ ಎಲ್ಲೆಲ್ಲೂ ಇದೇ ಮಿತಿ ಏಕೆ?

32 ಬಿಟ್ ಪೂರ್ಣಾಂಕದಲ್ಲಿ ಒಂದು ಬಿಟ್ ಋಣ-ಧನಕ್ಕೆ ಹೋಗುತ್ತದೆ. ಉಳಿದ 31 ಬಿಟ್‌ಗಳೂ ಒಂದಾದರೆ ನಮ್ಮ ಸಂಖ್ಯೆ. ಅದಕ್ಕೆ ಒಂದು ಕೂಡಿಸಿದರೆ ಜಾವಾದಲ್ಲಿ −2147483648 ಬರುತ್ತದೆ. ಸಿ ಭಾಷೆಯಲ್ಲಿ ಏನು ಬರಬೇಕೆಂದು ನಿಯಮವೇ ಇಲ್ಲ. ಕಂಪೈಲರ್ "ಹೀಗಾಗುವುದೇ ಇಲ್ಲ" ಎಂದುಕೊಂಡು ನಿಮ್ಮ ಪರೀಕ್ಷೆಯ ಸಾಲನ್ನೇ ತೆಗೆದುಹಾಕಬಹುದು. ಅದಕ್ಕೇ ಕೂಡಿಸಿದ ಮೇಲೆ ಋಣವಾಯಿತೇ ಎಂದು ನೋಡುವುದಲ್ಲ, ಕೂಡಿಸುವ ಮೊದಲೇ ಜಾಗ ಇದೆಯೇ ಎಂದು ನೋಡಬೇಕು.

ಹಣವನ್ನು ಪೈಸೆಯಲ್ಲಿ ಇಡುವವರು ಗಮನಿಸಿ: ಇಲ್ಲಿ ಹಿಡಿಸುವುದು 2,14,74,836 ರೂಪಾಯಿ 47 ಪೈಸೆ ಮಾತ್ರ. ಒಂದು ಮನೆಯ ಬೆಲೆಗೂ ಸಾಲದಿರಬಹುದು.

ಅವಿಭಾಜ್ಯ ಪರೀಕ್ಷಿಸುವ ನನ್ನ ಪ್ರೋಗ್ರಾಮ್ ಈ ಸಂಖ್ಯೆಯನ್ನು ಸಂಯುಕ್ತ ಎನ್ನುತ್ತಿದೆ. ಏಕೆ?

ಲೂಪಿನ ಷರತ್ತು "ಭಾಜಕದ ವರ್ಗ ಸಂಖ್ಯೆಗಿಂತ ಹೆಚ್ಚಾಗುವವರೆಗೆ" ಎಂದಿರಬೇಕು. 32 ಬಿಟ್‌ನಲ್ಲಿ 46341ರ ವರ್ಗ 2147488281 ಹಿಡಿಸುವುದಿಲ್ಲ. ಜಾವಾದಲ್ಲಿ ಅದು −2147479015 ಆಗುತ್ತದೆ. ಇಲ್ಲಿ ಸಂಖ್ಯೆಯೇ ಗರಿಷ್ಠ ಬೆಲೆ ಆದ್ದರಿಂದ ಯಾವ ವರ್ಗವೂ ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಲೂಪ್ ನಿಲ್ಲದೆ ಓಡುತ್ತದೆ, ಭಾಜಕ 2147483647ಕ್ಕೇ ತಲುಪುತ್ತದೆ, ತನ್ನಿಂದ ತಾನೇ ಭಾಗವಾಯಿತೆಂದು "ಸಂಯುಕ್ತ" ಎಂದು ಹೇಳಿ ಮುಗಿಸುತ್ತದೆ. ಸಣ್ಣ ಸಂಖ್ಯೆಗಳಿಗೆ ಇದೇ ಕೋಡ್ ಸರಿಯಾಗಿಯೇ ಓಡುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

ಪರಿಹಾರ: ಭಾಜಕವನ್ನು ವರ್ಗ ಮಾಡುವ ಬದಲು, ಸಂಖ್ಯೆಯನ್ನು ಭಾಜಕದಿಂದ ಭಾಗಿಸಿ ಬಂದ ಭಾಗಲಬ್ಧದ ಜೊತೆ ಭಾಜಕವನ್ನು ಹೋಲಿಸಿ. ಇಲ್ಲವೇ ಭಾಜಕವನ್ನು 64 ಬಿಟ್ ಮಾಡಿ.

ಡೇಟಾಬೇಸ್‌ನಲ್ಲಿ ಎಲ್ಲರ ಮೊಬೈಲ್ ನಂಬರೂ 2147483647 ಆಗಿದೆ. ಏನಾಯಿತು?

ಕಾಲಂ ಅನ್ನು ಇಂಟ್, ಅಂದರೆ 32 ಬಿಟ್ ಪೂರ್ಣಾಂಕ, ಎಂದು ಮಾಡಿದ್ದೀರಿ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತಂಕಿಯವು, ಅಂದರೆ ಕನಿಷ್ಠ 600 ಕೋಟಿ. ಇಂಟ್ ಹಿಡಿಸುವುದು 214 ಕೋಟಿ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಮಿತಿ ಮೀರಿದ ಬೆಲೆಯನ್ನು ಅದು ಗರಿಷ್ಠಕ್ಕೆ ಕತ್ತರಿಸಿ ಇಟ್ಟುಕೊಂಡು, ಒಂದು ಎಚ್ಚರಿಕೆ ಮಾತ್ರ ಕೊಟ್ಟು ಸುಮ್ಮನಾಗುತ್ತದೆ. 5.7ನೆಯ ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಇರುತ್ತದೆ, ಅಲ್ಲಿ ದೋಷ ತೋರಿಸಿ ತಿರಸ್ಕರಿಸುತ್ತದೆ. ಆ ಕಾಲಂಗೆ ಯೂನಿಕ್ ಕೀ ಇದ್ದರೆ ಮೊದಲ ಗ್ರಾಹಕ ಸರಾಗ ಸೇರುತ್ತಾನೆ, ಎರಡನೆಯವರಿಗೆ "ಈ ನಂಬರ್ ಈಗಾಗಲೇ ಇದೆ" ಎಂದು ಬರುತ್ತದೆ.

ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ ಇಂಟ್) ಮಾಡಿದರೂ ಪ್ರಯೋಜನವಿಲ್ಲ, ಅದರ ಮಿತಿ 4294967295, ನಮ್ಮ ಒಂದು ಮೊಬೈಲ್ ನಂಬರೂ ಅದರೊಳಗೆ ಬರುವುದಿಲ್ಲ. 64 ಬಿಟ್‌ನ ಬಿಗ್‌ಇಂಟ್ ಹಿಡಿಸುತ್ತದೆ, ಆದರೆ ಮೊದಲಿಗೆ ಬರುವ ಸೊನ್ನೆ, +91ರ ಕೂಡು ಚಿಹ್ನೆ ಎಲ್ಲ ಉದುರುತ್ತವೆ. ಫೋನ್ ನಂಬರಿನ ಮೇಲೆ ಯಾರೂ ಕೂಡು-ಕಳೆ ಮಾಡುವುದಿಲ್ಲ. ಅದನ್ನು ಅಕ್ಷರವಾಗಿ, ವಾರ್‌ಚಾರ್ ಕಾಲಂನಲ್ಲಿ ಇಡಿ.

ಕಾಲಂ ಬದಲಿಸಿದರೆ ಹಳೆಯ ನಂಬರು ವಾಪಸ್ ಬರುವುದಿಲ್ಲ, ಕತ್ತರಿಸಿದಾಗಲೇ ಅದು ಹೋಯಿತು. ಮೊದಲು ಹೊಸ ನೋಂದಣಿ ನಿಲ್ಲಿಸಿ, ಈ ಬೆಲೆ ಇರುವ ಸಾಲುಗಳನ್ನೆಲ್ಲ ಬೇರೆ ಟೇಬಲ್‌ಗೆ ನಕಲು ಮಾಡಿ, ಕಾಲಂ ಬದಲಿಸಿ, ಆಮೇಲೆ ಎಸ್ಸೆಮ್ಮೆಸ್ ಲಾಗ್, ಬಿಲ್, ಮೂಲ ಅರ್ಜಿ ಇವುಗಳಿಂದ ಒಂದೊಂದಾಗಿ ತುಂಬಿ. ಆ ಸಾಲುಗಳಿಗೆ ಸಂದೇಶ ಕಳುಹಿಸುವುದನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.

2038ರಲ್ಲಿ ಏನಾಗುತ್ತದೆ?

ಯುನಿಕ್ಸ್ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ. ಆ ಎಣಿಕೆ 2147483647 ಮುಟ್ಟುವುದು 2038ರ ಜನವರಿ 19, ಮಂಗಳವಾರ, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳು ಮುಂದಿನ ಸೆಕೆಂಡಿಗೆ 1901ರ ಡಿಸೆಂಬರ್‌ಗೆ ಜಿಗಿಯುತ್ತವೆ.

2038ಕ್ಕೆ ಕಾಯಬೇಕಾಗಿಲ್ಲ. ಇಪ್ಪತ್ತು ವರ್ಷದ ಗೃಹಸಾಲದ ಕೊನೆಯ ಕಂತಿನ ತಾರೀಕು ಈಗಲೇ ಆ ಗೆರೆ ದಾಟಿದೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟಾಂಪ್ ಕಾಲಂ ಅಲ್ಲಿಗೇ ನಿಲ್ಲುತ್ತದೆ, ಡೇಟ್‌ಟೈಮ್ ನಿಲ್ಲುವುದಿಲ್ಲ. 64 ಬಿಟ್ ಲಿನಕ್ಸ್‌ಗೆ ತೊಂದರೆಯಿಲ್ಲ. 32 ಬಿಟ್ ಯಂತ್ರಗಳಿಗೂ 2020ರ 5.6ನೆಯ ಕರ್ನಲ್‌ನಿಂದ 64 ಬಿಟ್ ಸಮಯ ಸಿಗುತ್ತದೆ, ಆದರೆ ಅದರ ಮೇಲೆ ಓಡುವ ಪ್ರೋಗ್ರಾಮನ್ನೂ ಮತ್ತೆ ಕಂಪೈಲ್ ಮಾಡಬೇಕು.

ಸೆಕೆಂಡಿಗಿಂತ ಚಿಕ್ಕದರಲ್ಲಿ ಎಣಿಸಿದರೆ ಗೆರೆ ಬೇಗ ಬರುತ್ತದೆ. ಜಾವಾಸ್ಕ್ರಿಪ್ಟ್ ಟೈಮರ್ ಮಿಲಿಸೆಕೆಂಡಿನಲ್ಲಿ ಎಣಿಸುತ್ತದೆ, ಮಿತಿ 24 ದಿನ 20 ಗಂಟೆ 31 ನಿಮಿಷ. "30 ದಿನ ಬಿಟ್ಟು" ಎಂದು ಇಟ್ಟರೆ ಅದು ತಕ್ಷಣವೇ ಓಡುತ್ತದೆ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಬೋಯಿಂಗ್ 787 ವಿಮಾನದ ವಿದ್ಯುತ್ ನಿಯಂತ್ರಣ ಘಟಕಗಳು 248 ದಿನ ಸತತ ಚಾಲನೆಯಲ್ಲಿದ್ದರೆ ಒಳಗಿನ ಎಣಿಕೆ ತುಂಬಿ ಹರಿದು ನಿಂತುಹೋಗಬಹುದು ಎಂದು ಆದೇಶ ಹೊರಡಿಸಿತು. ಸೆಕೆಂಡಿನ ನೂರನೆಯ ಒಂದು ಭಾಗದಂತೆ ಎಣಿಸಿದರೆ ನಮ್ಮ ಸಂಖ್ಯೆ ಮುಗಿಯುವುದು 248 ದಿನ 13 ಗಂಟೆಗೆ, ಲೆಕ್ಕ ತಾಳೆಯಾಗುತ್ತದೆ. ಆಯ್ಲರ್‌ನ 248ಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು 8 × 31.

ಫ್ಲೋಟ್‌ನಲ್ಲಿ ಇಟ್ಟರೆ ಒಂದು ಹೆಚ್ಚಾಗುತ್ತದೆ, ಏಕೆ?

ಫ್ಲೋಟ್ ಎಂದರೆ ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಬಗೆ. 32 ಬಿಟ್ ಫ್ಲೋಟ್ ನಿಖರವಾಗಿ ಹಿಡಿಯುವುದು 24 ಬಿಟ್. ಸತತ 31 ಒಂದುಗಳು ಅದರಲ್ಲಿ ಕೂರುವುದಿಲ್ಲ, ಹತ್ತಿರದ 2147483648 ಆಗುತ್ತದೆ. ಅದರ ಕೆಳಗಿನ ಫ್ಲೋಟ್ 2147483520, ನಡುವೆ ಏನೂ ಇಲ್ಲ. 64 ಬಿಟ್ ಡಬಲ್‌ನಲ್ಲಿ ತೊಂದರೆಯಿಲ್ಲ.

ಸ್ಟ್ರಿಂಗ್ ಹ್ಯಾಶಿಂಗ್‌ಗೆ ಇದು ಸಾಕೇ?

ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು. ಅದನ್ನು ಒಂದು ಗುಣಕ ಬಳಸಿ ಒಂದೇ ಸಂಖ್ಯೆಯಾಗಿಸಿ, ಆ ಸಂಖ್ಯೆಗಳನ್ನು ಹೋಲಿಸುವುದು ಹ್ಯಾಶಿಂಗ್. ಎರಡು ಸ್ಟ್ರಿಂಗ್ ಮಾತ್ರ ಹೋಲಿಸುವುದಾದರೆ ಸಾಕು. ಸಾವಿರಾರು ಸ್ಟ್ರಿಂಗ್‌ಗಳನ್ನು ಪರಸ್ಪರ ಹೋಲಿಸಬೇಕೆಂದರೆ ಸಾಲದು: ಸುಮಾರು 54,500 ಬೇರೆ ಬೇರೆ ಸ್ಟ್ರಿಂಗ್ ಆಗುವಷ್ಟರಲ್ಲಿ ಯಾವುದೋ ಎರಡರ ಹ್ಯಾಶ್ ಒಂದೇ ಆಗುವ ಸಂಭವ ಅರ್ಧಕ್ಕರ್ಧ. ಆಗ 2⁶¹ − 1, ಅಂದರೆ 2305843009213693951 ಬಳಸಿ. ಮರ್ಸೆನ್ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಅದೇ 61, ಅದೂ ಅವಿಭಾಜ್ಯ. ಕತ್ತರಿಸಿ ಕೂಡಿಸುವ ಉಪಾಯ ಅಲ್ಲಿಯೂ ನಡೆಯುತ್ತದೆ, ಗುಣಾಕಾರಕ್ಕೆ ಮಾತ್ರ 128 ಬಿಟ್ ಬೇಕು. ಗುಣಕವನ್ನು ಕೋಡಿನಲ್ಲಿ ಸ್ಥಿರವಾಗಿ ಬರೆಯದೆ ಪ್ರತಿ ಸಲ ಓಡುವಾಗ ರ‍್ಯಾಂಡಮ್ ಆಗಿ ಆರಿಸಿಕೊಳ್ಳಿ. ಸ್ಥಿರವಾಗಿದ್ದರೆ ಬೇಕೆಂದೇ ಡಿಕ್ಕಿಯಾಗುವ ಸ್ಟ್ರಿಂಗ್‌ಗಳನ್ನು ಹೊಂದಿಸಿ ಕೊಡಬಹುದು.